ಬರೆಯುವ ಜಾಗಕ್ಕೊಂದು ಕಂದೀಲು: ಹ್ಯಾಲೋವೀನ್ ಸ್ಟೇಷನರಿ ಸರಣಿಯೊಂದರ ಪ್ರಕರಣ ಅಧ್ಯಯನ

ಕಪ್ಪು ಹಾಳೆಯ ಮೇಲೆ ಬಾಲ್ ಪೆನ್ನು ಬರೆಯುವುದಿಲ್ಲ. ಹದಿನಾರು ಮಾದರಿಗಳನ್ನು ಮಾಡಿ, ಮೇಜಿನ ಮೇಲೆ ಸಾಲಾಗಿ ಹರಡಿ, ಕೆಲಸ ಕೊಟ್ಟವರ ಎದುರು ಕೂತಾಗಲೇ ನನಗೆ ಇದು ಗಮನಕ್ಕೆ ಬಂದದ್ದು. ಅವರು ನೋಟ್‌ಪ್ಯಾಡನ್ನು ಕೈಗೆತ್ತಿಕೊಂಡು "ಚೆನ್ನಾಗಿದೆ" ಅಂದರು, ಪಕ್ಕದಲ್ಲಿದ್ದ ನೀಲಿ ಪೆನ್ನು ತೆಗೆದು ಅದರ ಮೇಲೆ ಏನೋ ಬರೆದರು. ಏನೂ ಕಾಣಲಿಲ್ಲ. ಹಾಳೆಯನ್ನು ಕಿಟಕಿಯ ಕಡೆಗೆ ಓರೆಯಾಗಿ ಹಿಡಿದಾಗ ಪೆನ್ನಿನ ಮೊನೆ ಒತ್ತಿದ ಗೀರು ಮಾತ್ರ ಮಿನುಗಿತು. "ನಾಳೆ ತರಬೇಕಾದ ಸಾಮಾನು ಬರೆದೆ. ಓದಿ ನೋಡಿ," ಅಂದು ಹಾಳೆಯನ್ನು ನನ್ನತ್ತ ಚಾಚಿದರು.

ಆ ಹಾಳೆ ಇವತ್ತಿಗೂ ನನ್ನ ಮೇಜಿನ ಮೇಲಿದೆ. ನಮ್ಮ ಸರಣಿಯಲ್ಲಿ ಆಮೇಲೆ ನೆಟ್ಟಗಾದದ್ದೆಲ್ಲ ಅಲ್ಲಿಂದಲೇ ಶುರುವಾಯಿತು. ಹಬ್ಬದ ಸ್ಟೇಷನರಿ ಮಾಡಲು ಹೊರಟಿರುವ ಚಿತ್ರಕಾರರಿಗೆ ಉಪಯೋಗವಾದೀತು ಎಂದು ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಒಪ್ಪಿಕೊಂಡ ಕೆಲಸ

ಕೆಲಸ ಕೊಟ್ಟದ್ದು ಎಡಿನ್‌ಬರೋದ ಒಂದು ಪುಟ್ಟ ಕಾರ್ಡ್ ಕಂಪನಿ. ಇಬ್ಬರು ಗೆಳತಿಯರು ಸೇರಿ ನಡೆಸುತ್ತಾರೆ. ಸ್ಕಾಟ್ಲೆಂಡಿನ ಪುಸ್ತಕದಂಗಡಿ, ಉಡುಗೊರೆಯಂಗಡಿ, ಮ್ಯೂಸಿಯಂ ಅಂಗಡಿಗಳಿಗೆ ಹುಟ್ಟುಹಬ್ಬದ ಕಾರ್ಡು, ಕ್ರಿಸ್ಮಸ್ ಕಾರ್ಡು ಹಾಕುತ್ತಿದ್ದರು. ಹ್ಯಾಲೋವೀನ್‌ಗೆ ಕೈ ಹಾಕಿದ್ದು ಅದೇ ಮೊದಲು. ಅವರು ಕೇಳಿದ್ದು ಎಂಟು ಗ್ರೀಟಿಂಗ್ ಕಾರ್ಡು, ಒಂದು ಎ5 ನೋಟ್‌ಬುಕ್ಕು, ಒಂದು ನೋಟ್‌ಪ್ಯಾಡು, ಉಡುಗೊರೆ ಸುತ್ತುವ ಕಾಗದ, ಟ್ಯಾಗುಗಳು, ಸ್ಟಿಕ್ಕರ್ ಹಾಳೆ, ವಾಶಿ ಟೇಪು (ಕೈಯಲ್ಲೇ ಹರಿಯಬಹುದಾದ, ಚಿತ್ರವಿರುವ ಕಾಗದದ ಅಂಟುಪಟ್ಟಿ), ಬಟ್ಟೆಗೆ ಚುಚ್ಚಿಕೊಳ್ಳುವ ಲೋಹದ ಎನಾಮೆಲ್ ಪಿನ್ನು, ಪಾತ್ರೆ ಒರೆಸುವ ಟೀ ಟವೆಲ್.

ಲೆಕ್ಕ ಬಿಗಿಯಾಗಿತ್ತು. ಕಾರ್ಡಿನ ಅಂಗಡಿ ಬೆಲೆ 3.25 ಪೌಂಡ್ ಎಂದು ಅವರು ಮೊದಲೇ ನಿಗದಿ ಮಾಡಿದ್ದರು. ಬ್ರಿಟನ್ನಿನ ಉಡುಗೊರೆ ವ್ಯಾಪಾರದಲ್ಲಿ ಅಂಗಡಿಯವರು ಸಗಟು ಬೆಲೆಯನ್ನು ಸಾಮಾನ್ಯವಾಗಿ ಇಮ್ಮಡಿ ಮಾಡಿ, ಅದರ ಮೇಲೆ 20 ಶೇಕಡಾ ವ್ಯಾಟ್ ತೆರಿಗೆ ಸೇರಿಸುತ್ತಾರೆ. ಹಿಂದಕ್ಕೆ ಎಣಿಸಿದರೆ ಕಂಪನಿಯ ಕೈಗೆ ಬರುವುದು ಒಂದು ಕಾರ್ಡಿಗೆ ಸುಮಾರು 1.35 ಪೌಂಡ್. ಕಾಗದ, ಮುದ್ರಣ, ಲಕೋಟೆ, ಗೋದಾಮು, ನನ್ನ ಸಂಭಾವನೆ ಎಲ್ಲ ಅದರೊಳಗೇ ಆಗಬೇಕು. ಚಿನ್ನದ ಫಾಯಿಲು, ಉಬ್ಬು ಮುದ್ರೆ ಇವೆಲ್ಲ ಮೊದಲ ದಿನವೇ ಪಟ್ಟಿಯಿಂದ ಬಿದ್ದುಹೋದವು.

ಅದಕ್ಕಿಂತ ಬಿಗಿಯಾದದ್ದು ತಾರೀಖು. ಕ್ರಿಸ್ಮಸ್ ಮುಗಿದ ಮೇಲೂ ಚಳಿಗಾಲದ ಚಿತ್ರವಿರುವ ಕಾರ್ಡು ಒಂದಷ್ಟು ದಿನ ಓಡುತ್ತದೆ. ಹ್ಯಾಲೋವೀನ್ ಮಾಲಿಗೆ ಆ ಭಾಗ್ಯವಿಲ್ಲ. ಅಕ್ಟೋಬರ್ 31ರ ಸಂಜೆ ದಾಟಿದರೆ ಅದು ಅರ್ಧ ಬೆಲೆಯ ಬುಟ್ಟಿಗೆ ಹೋಗುತ್ತದೆ, ಆ ಜಾಗಕ್ಕೆ ಕ್ರಿಸ್ಮಸ್ ಬಂದು ಕೂರುತ್ತದೆ. ಸೆಪ್ಟೆಂಬರ್ ಆರಂಭಕ್ಕೆ ಸರಕು ಅಂಗಡಿಯಲ್ಲಿರಬೇಕು ಎಂದರೆ ಆಗಸ್ಟಿನಲ್ಲಿ ರವಾನೆ, ಜೂನ್-ಜುಲೈನಲ್ಲಿ ಮುದ್ರಣ. ಆರ್ಡರು ಹಿಡಿಯುವುದು ಫೆಬ್ರವರಿಯಲ್ಲಿ ಬರ್ಮಿಂಗ್‌ಹ್ಯಾಮ್‌ನ ಎನ್‌ಇಸಿ ಪ್ರದರ್ಶನ ಕೇಂದ್ರದಲ್ಲಿ ನಡೆಯುವ ಸ್ಪ್ರಿಂಗ್ ಫೇರ್ ಮೇಳದಲ್ಲಿ. ಕೆಲಸ ನನ್ನ ಕೈಗೆ ಬಂದಾಗ ಅಕ್ಟೋಬರ್ ಎರಡನೇ ವಾರ. ಜನವರಿ ಕೊನೆಗೆ ಮಾದರಿಗಳು ಸಿದ್ಧವಿರಬೇಕಿತ್ತು.

ಮೊದಲ ಸುತ್ತು ಏಕೆ ಬಿತ್ತು

ಮೊದಲ ಆರು ವಾರ ನಾನು ಮಾಡಿದ್ದು ಚಿತ್ರಗಳ ಶೇಖರಣೆ. ಕುಂಬಳಕಾಯಿ, ಬಾವಲಿ, ಜೇಡ, ಕಪ್ಪು ಬೆಕ್ಕು, ಅಸ್ಥಿಪಂಜರ, ಮೊನಚು ಟೊಪ್ಪಿಗೆಯ ಮಾಟಗಾತಿ, ಬಿಳಿ ಬಟ್ಟೆ ಹೊದ್ದ ದೆವ್ವ. ಒಂದೊಂದನ್ನೂ ಶ್ರದ್ಧೆಯಿಂದಲೇ ಬರೆದೆ. ಆಮೇಲೆ ಕಾರ್ಡಿಗೆ ಬೆಕ್ಕು, ಟ್ಯಾಗಿಗೆ ಬಾವಲಿ, ಟವೆಲಿಗೆ ಎಲ್ಲವೂ ಎಂದು ಹಂಚಿದೆ. ಹಿನ್ನೆಲೆಗೆಲ್ಲ ಕಪ್ಪು, ಮೇಲೆ ಕಿತ್ತಳೆ. ನೋಟ್‌ಪ್ಯಾಡಿನ ಹಾಳೆಯೂ ಕಪ್ಪು.

ಪೆನ್ನು ಮೂಡದಿದ್ದದ್ದು ಕಣ್ಣಿಗೆ ಹೊಡೆದು ಕಂಡ ತಪ್ಪು. ಅದೇ ದಿನ ಇನ್ನೊಂದು ತಪ್ಪೂ ಬಯಲಾಯಿತು. ಹಿಂದಿನ ತಿಂಗಳು ಬೇರೆ ಬೇರೆ ಅಂಗಡಿಗಳಿಂದ ಕೊಂಡಿದ್ದ ಹ್ಯಾಲೋವೀನ್ ಕಾರ್ಡುಗಳನ್ನು ನಮ್ಮ ಮಾದರಿಗಳ ಜತೆ ಬೆರೆಸಿ, ಹಿಂಬದಿಯ ಹೆಸರು ಕಾಣದಂತೆ ಇಟ್ಟೆವು. ನಮ್ಮದು ಯಾವುದು ಎಂದು ಹೇಳಲು ನನಗೇ ಒಂದು ಕ್ಷಣ ಬೇಕಾಯಿತು. ಇದು ಸರಣಿ ಅನ್ನಿಸಿಕೊಳ್ಳಬೇಕಾದರೆ ಮೂರು ಬೇರೆ ಬೇರೆ ವಸ್ತುಗಳನ್ನು ಗುಂಪಿನಲ್ಲಿಟ್ಟರೂ ಒಂದೇ ಮನೆಯ ಮಕ್ಕಳು ಎಂದು ಗೊತ್ತಾಗಬೇಕು. ನಮ್ಮಲ್ಲಿ ಇದ್ದದ್ದು ಸಾಮಾನ್ಯ ಸಂಕೇತಗಳ ರಾಶಿ, ಅಷ್ಟೆ. ಕುಂಬಳಕಾಯಿ ಯಾರ ಸ್ವತ್ತೂ ಅಲ್ಲ, ಹಾಗಾಗಿ ಯಾರ ಗುರುತೂ ಆಗಲಾರದು.

ಹಿಂದಿನವರ ಕಾಗದ

ಹೊಸ ಚಿತ್ರ ಬರೆಯುವುದನ್ನು ನಿಲ್ಲಿಸಿ ಎರಡು ವಾರ ಹಳೆಯ ಕಾಗದ ನೋಡಿದೆ. ಅಮೆರಿಕದಲ್ಲಿ 1907ರ ಮಾರ್ಚ್ 1ರಿಂದ ಅಂಚೆ ಕಾರ್ಡಿನ ಹಿಂಬದಿಯನ್ನು ಎರಡು ಭಾಗ ಮಾಡಿ, ವಿಳಾಸದ ಪಕ್ಕದಲ್ಲೇ ಸಂದೇಶ ಬರೆಯಲು ಅನುಮತಿ ಸಿಕ್ಕಿತು. ಮುಂಬದಿ ಪೂರ್ತಿ ಚಿತ್ರಕ್ಕೆ ಬಿಟ್ಟುಕೊಟ್ಟ ಹಾಗಾಯಿತು. ಮುಂದಿನ ಏಳೆಂಟು ವರ್ಷ ಹ್ಯಾಲೋವೀನ್ ಅಂಚೆ ಕಾರ್ಡುಗಳ ಸುಗ್ಗಿ. ಎಲೆನ್ ಕ್ಲಾಪ್‌ಸ್ಯಾಡಲ್ (1865-1934) ಅವರಂಥ ಚಿತ್ರಕಾರರು ಬರೆದದ್ದು ಜರ್ಮನಿಯ ಕಲ್ಲಚ್ಚಿನಲ್ಲಿ ಮುದ್ರಣವಾಗಿ ಬರುತ್ತಿತ್ತು. ಮೊದಲ ಮಹಾಯುದ್ಧ ಶುರುವಾದ ಮೇಲೆ ಆ ದಾರಿ ಮುಚ್ಚಿತು.

ಆ ಕಾರ್ಡುಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವುಗಳ ಸೌಮ್ಯತೆ. ಹೆದರಿಸುವ ಹಂಬಲ ಅಲ್ಲಿಲ್ಲ. ಕನ್ನಡಿಯ ಮುಂದೆ ದೀಪ ಹಿಡಿದ ಹುಡುಗಿ, ನೀರಿನ ತೊಟ್ಟಿಯಲ್ಲಿ ತೇಲುವ ಸೇಬನ್ನು ಬಾಯಲ್ಲಿ ಕಚ್ಚುವ ಮಕ್ಕಳು, ಗೆಳತಿಗೆ ಬರೆದ ಎರಡು ಸಾಲು. ಹಬ್ಬದ ಹಳೆಯ ರೂಪದಲ್ಲಿ ಭವಿಷ್ಯ ಕೇಳುವ ಆಟಗಳೇ ಹೆಚ್ಚು. ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ 1785ರಲ್ಲಿ ಈ ಹಬ್ಬದ ಹೆಸರಿನಲ್ಲೇ ಬರೆದ ಕವಿತೆಯಲ್ಲಿ ಅಲ್ಲಿನ ಹಳ್ಳಿಯವರು ಕಣ್ಣು ಮುಚ್ಚಿ ತೋಟದಿಂದ ಕೋಸಿನ ಜಾತಿಯ ಕೇಲ್ ಗಿಡ ಕೀಳುತ್ತಾರೆ. ಕಾಂಡ ನೆಟ್ಟಗಿದ್ದರೆ ಹಾಗೆ, ಡೊಂಕಾಗಿದ್ದರೆ ಹೀಗೆ ಎಂದು ಬರುವ ಸಂಗಾತಿಯ ರೂಪ ಊಹಿಸುತ್ತಾರೆ. ಗಟ್ಟಿ ಓಡಿನ ಜೋಡಿ ಕಾಯಿಗಳನ್ನು ಬೆಂಕಿಗಿಟ್ಟು ಅವು ಒಟ್ಟಿಗೆ ಶಾಂತವಾಗಿ ಉರಿಯುತ್ತವೋ, ಸಿಡಿದು ದೂರ ಹೋಗುತ್ತವೋ ನೋಡುತ್ತಾರೆ. ಎಡಿನ್‌ಬರೋದ ಕಂಪನಿಯೊಂದಕ್ಕೆ ಕೆಲಸ ಮಾಡುತ್ತ ನಾನು ಅಮೆರಿಕದ ಕುಂಬಳಕಾಯಿಯನ್ನು ಮೊದಲ ಸಾಲಿನಲ್ಲಿ ಕೂರಿಸಿದ್ದೆ. ಇಲ್ಲಿನ ಮಕ್ಕಳು ಹಬ್ಬದ ಕಂದೀಲಿಗಾಗಿ ತಲೆಮಾರುಗಳ ಕಾಲ ಕೊರೆದದ್ದು ಟರ್ನಿಪ್ ಗಡ್ಡೆಯನ್ನು. ಐರ್ಲೆಂಡ್, ಸ್ಕಾಟ್ಲೆಂಡುಗಳಿಂದ ವಲಸೆ ಹೋದವರು ಅಮೆರಿಕದಲ್ಲಿ ಕೈಗೆ ಸುಲಭವಾಗಿ ಸಿಕ್ಕ, ದೊಡ್ಡ, ಮೆತ್ತನೆಯ ಕುಂಬಳಕ್ಕೆ ಹೊರಳಿದರು.

ಕ್ಲಾಪ್‌ಸ್ಯಾಡಲ್ ತೀರಿಕೊಂಡು 70 ವರ್ಷ ದಾಟಿರುವುದರಿಂದ ಬ್ರಿಟನ್ನಿನಲ್ಲಿ ಅವರ ಚಿತ್ರಗಳ ಮೇಲೆ ಹಕ್ಕುಸ್ವಾಮ್ಯ ಉಳಿದಿಲ್ಲ. ನೇರವಾಗಿ ಬಳಸಬಹುದಿತ್ತು, ಬಹಳ ಜನ ಬಳಸುತ್ತಾರೆ. ನಾವು ಬೇಡವೆಂದೆವು. ಅಂಗಡಿಯಲ್ಲಿ ಆ ಚಿತ್ರಗಳ ಮರುಮುದ್ರಣ ಈಗಾಗಲೇ ತುಂಬಿದೆ, ಇನ್ನೊಂದು ಬಂದರೆ ಯಾರಿಗೂ ಏನೂ ಸಿಗುವುದಿಲ್ಲ.

ಗಡ್ಡೆ ಕೊರೆದ ಸಂಜೆ

ಡಬ್ಲಿನ್‌ನಿಂದ ದೂರ, ಮೇಯೋ ಕೌಂಟಿಯಲ್ಲಿರುವ ಐರ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಗ್ರಾಮಜೀವನ ವಿಭಾಗದಲ್ಲಿ ಡೊನೆಗಾಲ್ ಕಡೆಯ ಟರ್ನಿಪ್ ಕಂದೀಲೊಂದರ ಪ್ಲಾಸ್ಟರ್ ಅಚ್ಚು ಇದೆ. ಅದರ ಫೋಟೋ ನೋಡಿದಾಗ ಕುಂಬಳಕಾಯಿಯ ನಗು ಎಷ್ಟು ಪಳಗಿದ್ದು ಅನ್ನಿಸಿತು. ಬತ್ತಿದ ಮುಖ, ಸೊಟ್ಟ ಹಲ್ಲು. ನಾನೂ ಒಂದು ಕೊರೆದು ನೋಡೋಣ ಎಂದು ಇಲ್ಲಿನವರು ನೀಪ್ ಎನ್ನುವ, ಹಳದಿ ತಿರುಳಿನ ದೊಡ್ಡ ಗಡ್ಡೆಯೊಂದನ್ನು ತಂದೆ.

ಕಲ್ಲಿನಂತೆ ಗಟ್ಟಿ. ಚಾಕು ಒಳಗಿಳಿಯುವುದಿಲ್ಲ. ಉಕ್ಕಿನ ಚಮಚದಲ್ಲಿ ಕೆರೆಯುತ್ತ ಕೆರೆಯುತ್ತ ಒಂದೂವರೆ ಗಂಟೆ ಹೋಯಿತು, ಹೆಬ್ಬೆರಳಿನ ಬುಡದಲ್ಲಿ ಗುಳ್ಳೆ ಎದ್ದಿತು. ಕಣ್ಣು, ಬಾಯಿ ಕೊರೆದು, ಒಳಗೆ ಚಿಕ್ಕ ಮೇಣದ ದೀಪ ಇಟ್ಟು, ಅಡುಗೆಮನೆಯ ಲೈಟು ಆರಿಸಿದೆ. ಗೋಡೆ ತೆಳುವಾದ ಕಡೆ ಗಡ್ಡೆಯೇ ಮಂದವಾಗಿ ಬೆಳಗಿತು. ಸುಡುವ ತಿರುಳಿನ ಸಿಹಿ ಬೆರೆತ ಕಮಟು ವಾಸನೆ. ಬೆಳಕು ಮಾತ್ರ ಬಹಳ ಸಣ್ಣದು. ಕಂದೀಲಿನ ಮುಂದೆ ಮೇಜಿನ ಮೇಲೆ ಒಂದು ಅಂಗೈಯಗಲ ಬೆಳ್ಳಗೆ ಬಿತ್ತು, ಅದರಾಚೆ ಎಲ್ಲ ಕತ್ತಲೆ. ಆ ಅಂಗೈಯಗಲದಲ್ಲಿ ಕೆನೆಬಣ್ಣದ ರದ್ದಿ ಹಾಳೆಯೊಂದು ಬಿದ್ದಿತ್ತು. ಬೆಳಕು ಬಿದ್ದಷ್ಟು ಜಾಗದಲ್ಲಿ ಮಾತ್ರ ಬರೆಯಬಹುದು. ಪೆನ್ಸಿಲು ತೆಗೆದುಕೊಂಡು ಅಲ್ಲೇ ಬರೆದಿಟ್ಟೆ: ಕಾಗದವೇ ಬೆಳಕು.

ಮಾರನೆಯ ದಿನ ಕಂಪನಿಯವರ ಮುಂದೆ ಇಟ್ಟದ್ದು ಒಂದೇ ನಿಯಮ. ಪ್ರತಿ ವಸ್ತುವಿನಲ್ಲೂ ಒಂದೇ ಒಂದು ದೀಪ ಇರಬೇಕು. ಅದರ ಬೆಳಕು ಬಿದ್ದ ಜಾಗದಲ್ಲಿ ಶಾಯಿ ಇರಬಾರದು, ಬರೀ ಕಾಗದ. ಬರೆಯುವವರ ಕೈ ಬರುವುದು ಅಲ್ಲಿಗೆ. ಕತ್ತಲೆ, ಅದರಲ್ಲಿ ಅಡಗಿದ ಬೆಕ್ಕು, ಗೂಬೆ, ಮುಖವಾಡ ಹಾಕಿದ ಮಕ್ಕಳು ಎಲ್ಲ ಅಂಚಿನಲ್ಲಿ. ನೋಟ್‌ಪ್ಯಾಡಿನ ಸಮಸ್ಯೆಗೆ ಇದರಲ್ಲಿ ಉತ್ತರ ಸಿಕ್ಕಿತು, ಸರಣಿಗೆ ಕುಟುಂಬದ ಮುಖವೂ ಸಿಕ್ಕಿತು. ಸಂಕೇತಗಳನ್ನು ಎಷ್ಟು ಬೇಕಾದರೂ ಬದಲಿಸಬಹುದು, ಬೆಳಕು ಬೀಳುವ ರೀತಿ ಒಂದೇ ಆಗಿರುವವರೆಗೆ ಅವು ಒಟ್ಟಿಗೆ ನಿಲ್ಲುತ್ತವೆ.

ಒಂದೊಂದು ವಸ್ತುವಿಗೆ ಒಂದೊಂದು ತಕರಾರು

ಕಾರ್ಡುಗಳ ಅಳತೆ ಮಡಚಿದ ಮೇಲೆ ಎ6, ಅಂದರೆ 105 × 148 ಮಿ.ಮೀ., ಲಕೋಟೆ ಸಿ6. ಮೊದಲು ಕಪ್ಪು ಲಕೋಟೆ ಯೋಚಿಸಿದ್ದೆವು. ನೋಡಲು ಬಹಳ ಚೆಂದ. ಆದರೆ ಅಂಚೆಯ ವಿಂಗಡಣೆ ಯಂತ್ರಕ್ಕೆ ತಿಳಿ ಹಿನ್ನೆಲೆಯ ಮೇಲೆ ಗಾಢ ಅಕ್ಷರ ಬೇಕು. ಕಪ್ಪು ಲಕೋಟೆಗೆ ಬಿಳಿ ಚೀಟಿ ಅಂಟಿಸಿ ವಿಳಾಸ ಬರೆಯಬೇಕಾಗುತ್ತದೆ, ಆ ಕೆಲಸವನ್ನು ಕೊಂಡವರ ತಲೆಗೆ ಕಟ್ಟಿದ ಹಾಗಾಗುತ್ತದೆ. ಹೊರಗೆ ಕೆನೆಬಣ್ಣ, ಒಳಗೆ ಕಡುನೀಲಿ ಎಂದು ತಿರುಗಿಸಿದೆವು. ಲಕೋಟೆ ತೆರೆದಾಗ ಮೊದಲು ಕಾಣುವುದು ರಾತ್ರಿ. ಈ ಸರಣಿಯಲ್ಲಿ ನನಗೆ ತುಂಬ ಇಷ್ಟವಾದ ಜಾಗ ಅದು.

ಕಾರ್ಡಿಗೇ ಪಿನ್ನು ಚುಚ್ಚಿ ಮಾರುವ ಆಸೆಯೂ ಇತ್ತು. ಬ್ರಿಟನ್ನಿನ ಅಂಚೆ ಸೇವೆ ರಾಯಲ್ ಮೇಲ್‌ನಲ್ಲಿ ಸಾಮಾನ್ಯ ಪತ್ರದ ದಪ್ಪ 5 ಮಿ.ಮೀ. ಮೀರುವಂತಿಲ್ಲ. ಹಿಂಬದಿಯ ಬಿರಡೆ ಸೇರಿದರೆ ಪಿನ್ನು ಅದನ್ನು ಮೀರುತ್ತದೆ, ಕಳಿಸುವವರು ದೊಡ್ಡ ಪತ್ರದ ದರ ಕೊಡಬೇಕು. ಪಿನ್ನು ಬೇರೆಯಾಯಿತು. ಅದರಲ್ಲಿ ಟರ್ನಿಪ್ ಮುಖವನ್ನು ನಾಲ್ಕು ಸಲ ಸರಳ ಮಾಡಬೇಕಾಯಿತು. ಲೋಹದ ಗೆರೆ 0.3 ಮಿ.ಮೀ.ಗಿಂತ ತೆಳುವಾದರೆ ಎರಡು ಬಣ್ಣಗಳ ನಡುವೆ ನಿಲ್ಲುವುದು ಕಷ್ಟ. ಕತ್ತಲಲ್ಲಿ ಹೊಳೆಯುವ ಪುಡಿಯನ್ನು ಇದೊಂದರಲ್ಲೇ ಉಳಿಸಿಕೊಂಡೆವು. ಕಾಗದದ ಮೇಲೆ ಅದನ್ನು ಸ್ಕ್ರೀನ್ ಪ್ರಿಂಟಿನಲ್ಲಿ ದಪ್ಪವಾಗಿ ಹಾಕಬೇಕು, ಗಾಢ ಬಣ್ಣದ ಮೇಲಾದರೆ ಕೆಳಗೆ ಬಿಳಿ ಪದರವೂ ಬೇಕು. 1.35 ಪೌಂಡಿನೊಳಗೆ ಅದು ಆಗದ ಮಾತು.

ವಾಶಿ ಟೇಪು ನನ್ನನ್ನು ಹೆಚ್ಚು ಕಾಡಿತು. ಅಗಲ 15 ಮಿ.ಮೀ. ಕಾರ್ಡಿಗಾಗಿ ಬರೆದ ಮೆರವಣಿಗೆಯ ಚಿತ್ರವನ್ನು ಕುಗ್ಗಿಸಿ ಹಾಕಿದಾಗ ಮಕ್ಕಳ ಮುಖಗಳೆಲ್ಲ ಸಾಸಿವೆ ಕಾಳಾದವು. ಅದಕ್ಕಿಂತ ಮುಖ್ಯವಾಗಿ, ಟೇಪನ್ನು ಜನ ಎಲ್ಲಿ ಬೇಕಾದರೂ ಹರಿಯುತ್ತಾರೆ. ನಡುವೆ ಹರಿದರೆ ಮಗುವಿನ ತಲೆ ಒಂದು ತುಂಡಿನಲ್ಲಿ, ಕಾಲು ಇನ್ನೊಂದರಲ್ಲಿ. ಎಲ್ಲಿ ಹರಿದರೂ ಕೆಡದ ಚಿತ್ರ ಬೇಕಿತ್ತು. ಕೊನೆಗೆ ಬಂದದ್ದು ಪತಂಗಗಳು. ಚಿಕ್ಕ ಚಿಕ್ಕ ಪತಂಗಗಳು ಒಂದೇ ದಿಕ್ಕಿಗೆ ಹಾರುತ್ತವೆ, ನಡುನಡುವೆ ಬಿಟ್ಟ ಖಾಲಿ ಜಾಗ ಹರಿಯಲು ಸಾಕು. ಪತಂಗ ದೀಪದ ಕಡೆ ಬರುವುದು ಎಲ್ಲರಿಗೂ ಗೊತ್ತಿರುವುದರಿಂದ ಆ ಟೇಪಿನಲ್ಲಿ ದೀಪ ಬರೆಯಲೇ ಇಲ್ಲ. ನಮ್ಮ ನಿಯಮಕ್ಕೆ ಇದೊಂದು ಅಪವಾದ.

ಸುತ್ತುಕಾಗದ 50 × 70 ಸೆಂ.ಮೀ. ಉಡುಗೊರೆಯ ಡಬ್ಬಿಗೆ ಸುತ್ತಿದಾಗ ಹಾಳೆ ನಾಲ್ಕು ದಿಕ್ಕಿಗೆ ತಿರುಗುತ್ತದೆ. ತಲೆ ಮೇಲೆ, ಕಾಲು ಕೆಳಗೆ ಎಂದು ಒಂದೇ ದಿಕ್ಕಿಗೆ ನಿಂತ ಚಿತ್ರ ಒಂದು ಬದಿಯಲ್ಲಿ ಬುಡಮೇಲಾಗುತ್ತದೆ. ಎಲೆ, ರೋವನ್ ಮರದ ಹಣ್ಣಿನ ಗೊಂಚಲು, ಪತಂಗಗಳನ್ನು ಎಲ್ಲ ಕಡೆಗೂ ಚೆಲ್ಲಿದ ಹಾಗೆ ಹಾಕಿದೆ. ರೋವನ್ ಮರ ಮಾಟದಿಂದ ಕಾಯುತ್ತದೆ ಎಂಬ ನಂಬಿಕೆಯಿಂದ ಸ್ಕಾಟ್ಲೆಂಡಿನಲ್ಲಿ ಅದನ್ನು ಮನೆಯ ಬಾಗಿಲ ಬಳಿ ನೆಡುತ್ತಿದ್ದರು, ಹಾಗಾಗಿ ಆ ಗೊಂಚಲು ಬರೀ ಅಲಂಕಾರವಾಗಿ ಬಂದದ್ದಲ್ಲ. ಟ್ಯಾಗು, ಸ್ಟಿಕ್ಕರು, ಟವೆಲುಗಳಲ್ಲಿ ಹೇಳುವಂಥ ತೊಡಕು ಬರಲಿಲ್ಲ.

ಎರಡು ಶಾಯಿ

ಮೊದಲ ಪ್ರೂಫು, ಅಂದರೆ ಪರೀಕ್ಷೆಯ ಮುದ್ರಣ, ಸಾಮಾನ್ಯ ನಾಲ್ಕು ಬಣ್ಣದ ಆಫ್‌ಸೆಟ್. ಕಿತ್ತಳೆಯನ್ನು ಹಳದಿ ಮತ್ತು ಮೆಜೆಂಟಾ ಚುಕ್ಕಿಗಳಿಂದ ಕಟ್ಟುತ್ತಾರೆ. ಲೇಪನವಿಲ್ಲದ ಕೆನೆಬಣ್ಣದ ಕಾಗದ ಶಾಯಿಯನ್ನು ಹೀರಿ, ಚುಕ್ಕಿಗಳು ಹಿಗ್ಗಿ, ಕಿತ್ತಳೆ ಹಳೆಯ ಇಟ್ಟಿಗೆಯ ಬಣ್ಣಕ್ಕಿಳಿದಿತ್ತು. ನಯವಾದ ಲೇಪನದ ಕಾಗದಕ್ಕೆ ಹೋದರೆ ಬಣ್ಣ ಏಳುತ್ತದೆ, ಪೆನ್ನಿನ ಶಾಯಿ ಹರಡುತ್ತದೆ. ಬರೆಯಲು ಮಾಡಿದ ವಸ್ತುವಿಗೆ ಅದು ಆಗದು.

ನಾಲ್ಕು ಬಣ್ಣವನ್ನು ಬಿಟ್ಟು ಮೊದಲೇ ಬೆರೆಸಿ ಬರುವ ಎರಡೇ ವಿಶೇಷ ಶಾಯಿಗೆ ಇಳಿದೆವು. ಪ್ಯಾಂಟೋನ್ ಬಣ್ಣಪಟ್ಟಿಯ ಆರೆಂಜ್ 021, ಮತ್ತು ಕಪ್ಪಿಗೆ ಹತ್ತಿರವಾದ ಕಡುನೀಲಿ. ಆಫ್‌ಸೆಟ್ ಶಾಯಿ ಪಾರದರ್ಶಕ, ಕಿತ್ತಳೆಯ ಮೇಲೆ ಕಡುನೀಲಿ ಬಂದ ಕಡೆ ಬೆಚ್ಚನೆಯ ಕಂದುಗಪ್ಪು ಹುಟ್ಟುತ್ತದೆ. ಕತ್ತಲೆಯೊಳಗಿನ ಬೆಕ್ಕು ಕಾಣಿಸಿಕೊಂಡದ್ದು ಈ ಮೂರನೇ ಬಣ್ಣದಿಂದ. ನಾಲ್ಕನೆಯದು ಕಾಗದ. ಅಚ್ಚಿನ ಪ್ಲೇಟು ನಾಲ್ಕರ ಬದಲು ಎರಡಾಯಿತು. ಎಂಟೂ ಕಾರ್ಡಿಗೆ ಅವೇ ಶಾಯಿಗಳಾದ್ದರಿಂದ ಎಲ್ಲವನ್ನೂ ಒಂದೇ ದೊಡ್ಡ ಹಾಳೆಯಲ್ಲಿ ಜೋಡಿಸಿ ಓಡಿಸಿದರು. ಉಳಿದ ದುಡ್ಡಿನಲ್ಲಿ 350 ಜಿಎಸ್‌ಎಂ (ಚದರ ಮೀಟರಿಗೆ 350 ಗ್ರಾಂ ತೂಗುವ) ದಪ್ಪ ಕಾಗದ ಕೊಳ್ಳುವುದು ಸಾಧ್ಯವಾಯಿತು.

ಎರಡನೇ ಪ್ರೂಫಿನಲ್ಲಿ ಬೇರೆ ಗಂಟು. ಕಡುನೀಲಿಯ ದೊಡ್ಡ ತುಂಬು ಹರವು ದಿನಗಳಾದರೂ ಒಣಗದೆ ಮೇಲಿನ ಹಾಳೆಯ ಬೆನ್ನಿಗೆ ಅಂಟುತ್ತಿತ್ತು. ಮಡಿಕೆಯಲ್ಲಿ ಶಾಯಿ ಸೀಳಿ ಕಾಗದದ ಬಿಳಿ ನಾರು ಇಣುಕುತ್ತಿತ್ತು. ಅಚ್ಚಿನ ಮನೆಯ ಹಿರಿಯರು ಕಾರ್ಡನ್ನು ನಾಲ್ಕು ಸಲ ಮಡಚಿ ಬಿಚ್ಚಿ ತೋರಿಸಿ, "ಕಾಗದದ ನಾರಿನ ದಿಕ್ಕಿಗೆ ಮಡಿಕೆ ಬರುವ ಹಾಗೆ ನಾವು ಜೋಡಿಸುತ್ತೇವೆ, ಅದು ನಮ್ಮ ಕೆಲಸ. ಇಷ್ಟು ಶಾಯಿ ಬೇಕೇ ಬೇಕಾ, ಅದನ್ನು ನೀವು ನೋಡಿ," ಅಂದರು.

ಬೇಕಿರಲಿಲ್ಲ. ತುಂಬು ಬಣ್ಣ ತೆಗೆದು ಕತ್ತಲೆಯನ್ನೆಲ್ಲ ಒಣ ಕುಂಚದ ಗೀರುಗಳಲ್ಲಿ ಮತ್ತೆ ಕಟ್ಟಿದೆ. ಪ್ರತಿ ಗೀರೂ ದೀಪದಿಂದ ಹೊರಡುತ್ತದೆ, ಅಂಚಿಗೆ ಹೋಗುತ್ತ ದಟ್ಟವಾಗುತ್ತದೆ, ಮಡಿಕೆ ಬರುವಲ್ಲಿ ಬೇಕೆಂದೇ ತೆಳುವಾಗುತ್ತದೆ. ಹನ್ನೊಂದು ದಿನ ಹಿಡಿಯಿತು. ಶಾಯಿ ಒಣಗಿತು, ಮಡಿಕೆ ಸೀಳಲಿಲ್ಲ, ಕತ್ತಲೆಗೆ ಚಲನೆ ಬಂತು. ಅಚ್ಚಿನವರ ಮಾತು ಚಿತ್ರವನ್ನು ಇಷ್ಟು ನೇರವಾಗಿ ಒಳ್ಳೆಯದು ಮಾಡಿದ್ದನ್ನು ನಾನು ಬೇರೆ ಯಾವ ಕೆಲಸದಲ್ಲೂ ಕಂಡಿಲ್ಲ. ಚಿತ್ರ ಮುಗಿಸಿ ಕಳಿಸುವ ಮೊದಲು, ಬರೆಯಲು ಕೂರುವಾಗಲೇ ಅವರನ್ನು ಕೇಳಬೇಕಿತ್ತು.

ಬರೆಯದೆ ಬಿಟ್ಟದ್ದು

ಮಾಟಗಾತಿಯ ವಿಷಯದಲ್ಲಿ ಕಂಪನಿಯ ಗೆಳತಿಯರೇ ತಡೆದರು. ಸ್ಕಾಟ್ಲೆಂಡಿನಲ್ಲಿ ಮಾಟದ ವಿರುದ್ಧದ ಕಾಯಿದೆ 1563ರಿಂದ 1736ರವರೆಗೆ ಜಾರಿಯಲ್ಲಿತ್ತು. ಎಡಿನ್‌ಬರೋ ವಿಶ್ವವಿದ್ಯಾಲಯದ ಸಂಶೋಧಕರು ಕಡತಗಳಿಂದ ಕಲೆಹಾಕಿದ ಪಟ್ಟಿಯಲ್ಲಿ ಆರೋಪ ಹೊತ್ತವರ ಸಂಖ್ಯೆ 3,837. ಬಹುಪಾಲು ಹೆಂಗಸರು. ಎಡಿನ್‌ಬರೋ ಕೋಟೆಯ ಮುಂದಿನ ಬಯಲಿನಲ್ಲಿ, ಅವರಲ್ಲಿ ಎಷ್ಟೋ ಜನರನ್ನು ಸುಟ್ಟ ಜಾಗದಲ್ಲಿ, 1894ರಲ್ಲಿ ಜಾನ್ ಡಂಕನ್ ರೂಪಿಸಿದ ಪುಟ್ಟ ಎರಕದ ಕಾರಂಜಿಯೊಂದು ಅವರ ನೆನಪಿಗಿದೆ. 2022ರ ಮಾರ್ಚ್ 8ರಂದು ಸ್ಕಾಟ್ಲೆಂಡ್ ಸರ್ಕಾರದ ಅಂದಿನ ಮುಖ್ಯಸ್ಥೆ, ಪ್ರಥಮ ಸಚಿವೆ ನಿಕೊಲಾ ಸ್ಟರ್ಜನ್ ಆ ಅನ್ಯಾಯಕ್ಕಾಗಿ ಅಲ್ಲಿನ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ನಮ್ಮ ಕಾರ್ಡುಗಳು ಮಾರಾಟವಾಗಬೇಕಾದ ಅಂಗಡಿಗಳಲ್ಲಿ ಕೆಲವು ಆ ಕಾರಂಜಿಯಿಂದ ನಡೆದುಹೋಗುವಷ್ಟು ಹತ್ತಿರ. ಕೊಕ್ಕೆ ಮೂಗಿನ, ಹಸಿರು ಮೈಯ ಮುದುಕಿಯನ್ನು ನಗುವಿಗಾಗಿ ಬರೆಯಲು ಕೈ ಏಳಲಿಲ್ಲ. ಆ ಕಾರ್ಡಿನಲ್ಲಿ ಈಗ ಇರುವುದು ತೋಳಲ್ಲಿ ಬೆಕ್ಕು, ಕೈಯಲ್ಲಿ ಕಂದೀಲು ಹಿಡಿದು ಮನೆಗೆ ನಡೆಯುತ್ತಿರುವ ಒಬ್ಬ ಅಜ್ಜಿ. ಅವಳು ಯಾರೆಂದು ನೋಡಿದವರು ಊಹಿಸಿಕೊಳ್ಳಲಿ.

ಮೊದಲ ಸುತ್ತಿನ ಬಣ್ಣದ ತಲೆಬುರುಡೆಗಳನ್ನೂ ತೆಗೆದೆವು. ಅವು ಮೆಕ್ಸಿಕೋದ ಸತ್ತವರ ದಿನದ್ದು. ನವೆಂಬರ್ 1 ಮತ್ತು 2ರಂದು ಕುಟುಂಬಗಳು ತೀರಿಕೊಂಡ ತಮ್ಮವರನ್ನು ಬರಮಾಡಿಕೊಳ್ಳುವ ಹಬ್ಬ ಅದು, ದಿನ ಹತ್ತಿರವಾದ ಮಾತ್ರಕ್ಕೆ ಹ್ಯಾಲೋವೀನ್ ಆಗುವುದಿಲ್ಲ. ಫ್ರಾಂಕನ್‌ಸ್ಟೈನ್‌ನ ಜೀವಿಯನ್ನು ಬಿಟ್ಟದ್ದು ಬೇರೆ ಕಾರಣಕ್ಕೆ. 1818ರ ಕಾದಂಬರಿ ಯಾರ ಸ್ವತ್ತೂ ಅಲ್ಲ. ಚಪ್ಪಟೆ ತಲೆ, ಕುತ್ತಿಗೆಯ ಬೋಲ್ಟು 1931ರ ಹಾಲಿವುಡ್ ಚಿತ್ರದ ಮೇಕಪ್ಪಿನಿಂದ ಬಂದದ್ದು, ಅದನ್ನು ಮುಟ್ಟುವುದು ಬೇಡವೆನಿಸಿತು. ಮಿನುಗು ಪುಡಿ ಹಾಕದಿರಲು ಕಾಯಿದೆಯೇ ಕಾರಣ. ಯುರೋಪಿಯನ್ ಒಕ್ಕೂಟ 2023ರ ಅಕ್ಟೋಬರ್ 17ರಿಂದ ಬಿಡಿ ಪ್ಲಾಸ್ಟಿಕ್ ಮಿನುಗಿನ ಮಾರಾಟ ನಿಲ್ಲಿಸಿದೆ, ನಮ್ಮ ಸರಕು ಐರ್ಲೆಂಡಿಗೂ ಹೋಗಬೇಕಿತ್ತು.

ಎರಡು ಪದ ಎಷ್ಟು ಕಾರ್ಡಿನಲ್ಲಿ?

ಹೆಚ್ಚು ವಾದ ನಡೆದದ್ದು "ಹ್ಯಾಪಿ ಹ್ಯಾಲೋವೀನ್" ಎಂಬ ಎರಡು ಪದಗಳ ಮೇಲೆ. ಕಾರ್ಡನ್ನು ಹುಡುಕಿಕೊಂಡು ಬಂದವರಿಗೆ ಅದು ಬೇಕು. ನವೆಂಬರ್ 1ರ ಬೆಳಿಗ್ಗೆ ಆ ಕಾರ್ಡನ್ನು ಕೊಲ್ಲುವುದೂ ಅದೇ. ಎಂಟರಲ್ಲಿ ಮೂರಕ್ಕೆ ಮಾತ್ರ ಹಾಕೋಣ ಎಂದು ನಾನು ಪಟ್ಟು ಹಿಡಿದೆ. ಉಳಿದ ಐದರಲ್ಲಿ ಮಾತೇ ಇಲ್ಲ: ತೊಟ್ಟಿಯಲ್ಲಿ ಸೇಬು ಕಚ್ಚುವ ಮಕ್ಕಳು, ಬೆಂಕಿಯ ಮುಂದೆ ಜೋಡಿ ಕಾಯಿ, ಕಂದೀಲಿನ ಅಜ್ಜಿ, ಗೂಬೆ, ಪತಂಗ. ನೋಟ್‌ಬುಕ್ಕು, ನೋಟ್‌ಪ್ಯಾಡುಗಳ ಮೇಲೂ ಹಬ್ಬದ ಹೆಸರಿಲ್ಲ. ಅಕ್ಟೋಬರಿನಲ್ಲಿ ಅವು ಹ್ಯಾಲೋವೀನ್ ಮೇಜಿನಲ್ಲಿರುತ್ತವೆ, ನವೆಂಬರಿನಲ್ಲಿ ಚಳಿಗಾಲದ ಕಪಾಟಿಗೆ ಹೋಗುತ್ತವೆ.

ಮೇಳದಲ್ಲಿ ಅಂಗಡಿಯವರು ಮೊದಲು ಕೇಳಿದ್ದು, ನಾನು ಊಹಿಸಿದ್ದಕ್ಕೆ ಉಲ್ಟಾ, ಅಕ್ಷರವಿದ್ದ ಮೂರನ್ನೇ. ಮೇಜಿನ ಮೇಲೆ ದೂರದಿಂದ ಗುರುತು ಸಿಗಬೇಕಲ್ಲ. ಮಾತಿಲ್ಲದ ಕಾರ್ಡುಗಳನ್ನು ಅವರು ಜತೆಗೆ ಕೊಂಡರು. ಮೂರೂ ಇರದಿದ್ದರೆ ಐದೂ ಹೋಗುತ್ತಿರಲಿಲ್ಲ ಎಂದು ಈಗ ಒಪ್ಪುತ್ತೇನೆ. ಪ್ರತಿ ವಿನ್ಯಾಸಕ್ಕೆ 500ರಂತೆ ಮುದ್ರಿಸಿದೆವು.

ಹಬ್ಬ ಮುಗಿದಾಗ ಅಕ್ಷರವಿದ್ದ ಮೂರರಲ್ಲಿ ಎರಡು ಖಾಲಿಯಾಗಿದ್ದವು, ಮೂರನೆಯದು ಕಾಲುಭಾಗ ಉಳಿದು ಇವತ್ತಿಗೂ ಪೆಟ್ಟಿಗೆಯಲ್ಲಿದೆ. ಮಾತಿಲ್ಲದವು ಡಿಸೆಂಬರಿನವರೆಗೂ ನಿಧಾನಕ್ಕೆ ಹೋದವು. ಕಂದೀಲಿನ ಅಜ್ಜಿಯನ್ನು ಜನ ಹುಟ್ಟುಹಬ್ಬಕ್ಕೂ ಕಳಿಸುತ್ತಾರೆ ಎಂದು ಅಂಗಡಿಯೊಂದರಿಂದ ಕಾಗದ ಬಂತು. ಟೀ ಟವೆಲ್ ಸಾಧಾರಣ. ವಾಶಿ ಟೇಪು ಸೋತಿತು. ಸುರುಳಿಯಾಗಿ ಪ್ಯಾಕೆಟ್ಟಿನಲ್ಲಿದ್ದಾಗ ಪತಂಗದ ಒಂದೆರಡು ರೆಕ್ಕೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ, ಬಿಚ್ಚಿದ ಮಾದರಿಯನ್ನು ಪಕ್ಕದಲ್ಲಿ ಅಂಟಿಸಿ ಕೊಡಬೇಕೆಂದು ನಮಗೆ ಹೊಳೆಯಲಿಲ್ಲ. ಎಲ್ಲಕ್ಕಿಂತ ಮೊದಲು, ಅಕ್ಟೋಬರ್ ನಡುವಿನಲ್ಲೇ ಮುಗಿದದ್ದು ನೋಟ್‌ಪ್ಯಾಡು.

ಅದರಲ್ಲೂ ಒಂದು ದೂರು ಬಂತು, ನ್ಯಾಯವಾದ ದೂರು. ದೀಪವನ್ನು ನಾನು ಹಾಳೆಯ ಕೆಳಗಿನ ಬಲಮೂಲೆಯಲ್ಲಿ ಕೂರಿಸಿದ್ದೆ. ಬೆಳಕು ಅಲ್ಲಿಂದ ಮೇಲಕ್ಕೆ ಹರಡಿ ಗೆರೆಗಳನ್ನು ಬೆಳಗುತ್ತಿತ್ತು, ನೋಡಲು ಸೊಗಸು. ಬಲಗೈಯಲ್ಲಿ ಬರೆಯುವವರ ಅಂಗೈ ಊರುವುದು ಸರಿಯಾಗಿ ಅದೇ ಮೂಲೆಯ ಮೇಲೆ. ಅರ್ಧ ಪುಟ ಬರೆಯುವಷ್ಟರಲ್ಲಿ ಕೈಯ ಬೆವರಿಗೆ ಕಿತ್ತಳೆ ಶಾಯಿ ಮಸುಕಾಗಿ ಕಿರುಬೆರಳಿನ ಕೆಳಗೆ ಹತ್ತುತ್ತಿತ್ತು. ಎರಡನೇ ಮುದ್ರಣದಲ್ಲಿ ಕಂದೀಲನ್ನು ಹಾಳೆಯ ನೆತ್ತಿಗೆ, ನಡುವಿಗೆ ಏರಿಸಿದ್ದೇನೆ. ಬೆಳಕು ಈಗ ಮೇಲಿಂದ ಕೆಳಗೆ ಬೀಳುತ್ತದೆ. ಕೆಳಗಿನ ಮೂರು ಬೆರಳಗಲದಲ್ಲಿ ಯಾವ ಶಾಯಿಯೂ ಇಲ್ಲ.